ವಿದೇಶದಲ್ಲಿ ಓದಲು ಊರಿನ ಕಾಲೇಜಿನೊಡನೆ ಸಿದ್ಧತೆ: ಹಾಸನ, ಚಿಕ್ಕಮಗಳೂರು ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಕಾಲೇಜುಗಳಲ್ಲಿ ಓದುತ್ತಿರುವಾಗಲೇ ಒಂದು ಸೆಮಿಸ್ಟರಿನ ಮಟ್ಟಿಗೆ ವಿದೇಶಕ್ಕೆ ಹೋಗಿಬರಬೇಕೆಂದುಕೊಂಡವರಿಗೂ, ಇಲ್ಲಿಯ ಪದವಿ ಮುಗಿಸಿಕೊಂಡು ಸ್ನಾತಕೋತ್ತರ ಓದಿಗೆ ಹೊರಡಲಿರುವವರಿಗೂ, ಅವರ ತಂದೆತಾಯಂದಿರಿಗೂ ಉಪಯೋಗವಾಗಲೆಂದು ಈ ಪ್ರಶ್ನೋತ್ತರವನ್ನು ಸಿದ್ಧಪಡಿಸಿದ್ದೇನೆ. ವೀಸಾ, ವಿಮಾನ, ವಸತಿಗಳ ಬಗ್ಗೆ ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ಈಗ ಓದುತ್ತಿರುವ ಕಾಲೇಜು ಮತ್ತು ವಿಶ್ವವಿದ್ಯಾಲಯದೊಡನೆ ಏನೇನು ಮಾತನಾಡಿಕೊಳ್ಳಬೇಕು, ಯಾವುದನ್ನು ಬರಹದಲ್ಲಿ ಪಡೆಯಬೇಕು ಎಂದು ಹೇಳುವವರು ಕಡಿಮೆ; ಹೆಚ್ಚಿನ ತೊಂದರೆಗಳು ಹುಟ್ಟುವುದೂ ಅಲ್ಲಿಯೇ.

ವಿದೇಶದ ವಿಶ್ವವಿದ್ಯಾಲಯಕ್ಕೆ ನಾನೇ ನೇರವಾಗಿ ಅರ್ಜಿ ಹಾಕಬಹುದಲ್ಲವೇ? ಕಾಲೇಜನ್ನು ಏಕೆ ಕೇಳಬೇಕು?

ಪದವಿ ಮುಗಿದ ಮೇಲೆ ಹೋಗುವುದಾದರೆ ಅರ್ಜಿಯನ್ನು ನೀವೇ ಹಾಕುತ್ತೀರಿ. ಆಗಲೂ ಟ್ರಾನ್ಸ್‌ಕ್ರಿಪ್ಟ್ (ಎಲ್ಲ ಸೆಮಿಸ್ಟರ್‌ಗಳ ಅಂಕಗಳ ದೃಢೀಕೃತ ದಾಖಲೆ), ಶಿಫಾರಸು ಪತ್ರ, ಬೋಧನಾ ಮಾಧ್ಯಮದ ಪ್ರಮಾಣಪತ್ರ, ತಾತ್ಕಾಲಿಕ ಪದವಿ ಪ್ರಮಾಣಪತ್ರ ಎಲ್ಲವೂ ಇಲ್ಲಿಂದಲೇ ಹೋಗಬೇಕು. ಓದಿನ ನಡುವೆ ವಿನಿಮಯ ವಿದ್ಯಾರ್ಥಿಯಾಗಿ ಹೋಗುವುದಾದರೆ ಮಾತು ಬೇರೆ. ಅಲ್ಲಿ ನಿಮ್ಮನ್ನು ಹೆಸರಿಸಿ ಕಳುಹಿಸುವುದು ನಿಮ್ಮ ವಿಶ್ವವಿದ್ಯಾಲಯ. ಆ ನಾಮನಿರ್ದೇಶನವಿಲ್ಲದೆ ಎದುರಿನ ವಿಶ್ವವಿದ್ಯಾಲಯ ನಿಮ್ಮ ಅರ್ಜಿಯನ್ನು ವಿನಿಮಯದ ಅರ್ಜಿಯೆಂದು ಪರಿಗಣಿಸುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಅಲ್ಲಿ ನೀವು ಗಳಿಸಿದ ಕ್ರೆಡಿಟ್‌ಗಳನ್ನು, ಅಂದರೆ ಓದಿನ ಪ್ರಮಾಣವನ್ನು ಅಳೆಯುವ ಅಂಶಗಳನ್ನು, ಇಲ್ಲಿಯ ಅಂಕಪಟ್ಟಿಗೆ ಸೇರಿಸಬೇಕೋ ಬೇಡವೋ ಎಂದು ತೀರ್ಮಾನಿಸುವ ಅಧಿಕಾರ ಇಲ್ಲಿಯ ವಿಶ್ವವಿದ್ಯಾಲಯದ್ದೇ. ಎಷ್ಟೇ ದೊಡ್ಡ ಹೆಸರಿನ ವಿದೇಶಿ ಸಂಸ್ಥೆಯಲ್ಲಿ ಓದಿ ಬಂದರೂ, ಹೋಗುವ ಮೊದಲೇ ಒಪ್ಪಿಗೆ ಪಡೆಯದಿದ್ದರೆ ಆ ಸೆಮಿಸ್ಟರನ್ನು ಇಲ್ಲಿ ಮತ್ತೆ ಓದಬೇಕಾಗಬಹುದು.

ನನ್ನದು ಹಾಸನದ ಕಾಲೇಜು. ಆದರೆ ಅರ್ಜಿಯಲ್ಲಿ ವಿಶ್ವವಿದ್ಯಾಲಯದ ಹೆಸರು ಕೇಳುತ್ತಾರೆ. ಯಾವುದನ್ನು ಬರೆಯಬೇಕು?

ಅಂಕಪಟ್ಟಿಯ ತಲೆಯ ಮೇಲೆ ಯಾವ ಹೆಸರಿದೆಯೋ ಅದನ್ನೇ ಬರೆಯಬೇಕು. ಈ ಎರಡು ಜಿಲ್ಲೆಗಳಲ್ಲಿ ಇದು ಕಾಣುವಷ್ಟು ಸರಳವಲ್ಲ. 1960ರಲ್ಲಿ ಆರಂಭವಾದ ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜು ಸ್ವಾಯತ್ತ ಸಂಸ್ಥೆಯಾದರೂ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ, ಅಂದರೆ ವಿಟಿಯುಗೆ ಸೇರಿದ್ದು. ಚಿಕ್ಕಮಗಳೂರಿನ ಆದಿಚುಂಚನಗಿರಿ ತಾಂತ್ರಿಕ ಕಾಲೇಜು ಕೂಡ ವಿಟಿಯು ವ್ಯಾಪ್ತಿಯದು. ಚಿಕ್ಕಮಗಳೂರಿನ ಐ.ಡಿ.ಎಸ್.ಜಿ. ಸರ್ಕಾರಿ ಕಾಲೇಜಿನ ವಿದ್ಯಾರ್ಥಿಗಳಿಗೆ ಪದವಿ ಬರುವುದು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಿಂದ. ಮೂಡಿಗೆರೆಯ ತೋಟಗಾರಿಕೆ ಕಾಲೇಜಿನವರು ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ, ಹಾಸನದ ಪಶುವೈದ್ಯಕೀಯ ಕಾಲೇಜಿನವರು ಬೀದರ್‌ನ ವಿಶ್ವವಿದ್ಯಾಲಯಕ್ಕೆ ಸೇರುತ್ತಾರೆ.

ಹಾಸನದ ಪದವಿ ಮತ್ತು ಸ್ನಾತಕೋತ್ತರ ವಿದ್ಯಾರ್ಥಿಗಳು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಹೇಮಗಂಗೋತ್ರಿ ಹಿಂದೆ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿತ್ತು. ಬಳಿಕ ಅದೇ ಹಾಸನ ವಿಶ್ವವಿದ್ಯಾಲಯವಾಯಿತು. ಹಾಗಾಗಿ ಒಂದೇ ಕಾಲೇಜಿನಲ್ಲಿ ಓದಿದ ಅಕ್ಕನ ಅಂಕಪಟ್ಟಿಯಲ್ಲಿ ಮೈಸೂರಿನ ಹೆಸರಿದ್ದು ತಮ್ಮನ ಅಂಕಪಟ್ಟಿಯಲ್ಲಿ ಹಾಸನದ ಹೆಸರಿರಬಹುದು. ಅಕ್ಕ ಟ್ರಾನ್ಸ್‌ಕ್ರಿಪ್ಟಿಗೆ ಮೈಸೂರಿಗೆ ಹೋಗಿದ್ದಳೆಂದು ತಮ್ಮನೂ ಅಲ್ಲಿಗೆ ಹೋದರೆ ಬರಿಗೈಯಲ್ಲಿ ಬರಬೇಕಾಗುತ್ತದೆ.

ಓದಿನ ನಡುವೆ ವಿದೇಶಕ್ಕೆ ಹೋಗಲು ಎಷ್ಟು ಬಗೆಯ ದಾರಿಗಳಿವೆ?

ಮೊದಲನೆಯದು ವಿನಿಮಯ. ಎರಡು ವಿಶ್ವವಿದ್ಯಾಲಯಗಳ ನಡುವಿನ ಒಡಂಬಡಿಕೆಯಂತೆ ಒಂದು ಅಥವಾ ಎರಡು ಸೆಮಿಸ್ಟರ್ ಅಲ್ಲಿ ಓದಿ ಮರಳುವುದು. ಸಾಮಾನ್ಯವಾಗಿ ಬೋಧನಾ ಶುಲ್ಕವನ್ನು ಇಲ್ಲಿಯ ಕಾಲೇಜಿಗೆ ಕಟ್ಟಿದರೆ ಸಾಕು, ಅಲ್ಲಿ ಮತ್ತೆ ಕಟ್ಟಬೇಕಿಲ್ಲ. ಮಧ್ಯಮ ವರ್ಗದ ಮನೆಗೆ ಇದರಷ್ಟು ಹಗುರವಾದ ದಾರಿ ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಎರಡನೆಯದು ವಿಶ್ವವಿದ್ಯಾಲಯ ಅನುದಾನ ಆಯೋಗದ, ಅಂದರೆ ಯುಜಿಸಿಯ, 2022ರ ನಿಯಮಾವಳಿಯಡಿ ನಡೆಯುವ ಟ್ವಿನ್ನಿಂಗ್, ಜಂಟಿ ಪದವಿ ಮತ್ತು ಉಭಯ ಪದವಿ ಕಾರ್ಯಕ್ರಮಗಳು. ಟ್ವಿನ್ನಿಂಗ್‌ನಲ್ಲಿ ಒಟ್ಟು ಕ್ರೆಡಿಟ್‌ಗಳ ಶೇ. 30ನ್ನು ಮೀರದಂತೆ ವಿದೇಶದಲ್ಲಿ ಗಳಿಸಬಹುದು, ಪದವಿ ಇಲ್ಲಿಯದೇ ಬರುತ್ತದೆ. ಜಂಟಿ ಪದವಿಯಲ್ಲಿ ಎರಡೂ ಕಡೆ ಕನಿಷ್ಠ ಶೇ. 30ರಷ್ಟು ಕ್ರೆಡಿಟ್ ಗಳಿಸಬೇಕು. ಉಭಯ ಪದವಿಯಲ್ಲಿ ಕನಿಷ್ಠ ಶೇ. 30 ಭಾರತದ ಸಂಸ್ಥೆಯದಾಗಿರಬೇಕು, ಪದವಿಗಳು ಬೇರೆ ಬೇರೆಯಾಗಿ ಬರುತ್ತವೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ನಲ್ಲಿ ಕನಿಷ್ಠ 3.01 ಅಂಕವಿರುವಂಥ ಕೆಲವು ಅರ್ಹತೆಗಳನ್ನು ಪೂರೈಸಿದ ಸಂಸ್ಥೆಗಳು ಇದನ್ನು ಯುಜಿಸಿಯ ಪ್ರತ್ಯೇಕ ಅನುಮೋದನೆಯಿಲ್ಲದೆ ನಡೆಸಬಹುದು. ಉಳಿದವು ಅನುಮೋದನೆ ಪಡೆಯಬೇಕು. ಆದ್ದರಿಂದ ಕಾಲೇಜಿನ ಕೈಪಿಡಿಯಲ್ಲಿ ಇಂಥ ಕಾರ್ಯಕ್ರಮದ ಹೆಸರು ಕಂಡರೆ, ಅದು ಯಾವ ಆಧಾರದ ಮೇಲೆ ನಡೆಯುತ್ತಿದೆ ಎಂದು ಕೇಳಿ ತಿಳಿಯುವುದು ವಿದ್ಯಾರ್ಥಿಯ ಹಕ್ಕು.

ಮೂರನೆಯದು ಬೇಸಿಗೆಯ ಸಂಶೋಧನಾ ಇಂಟರ್ನ್‌ಶಿಪ್. ಅದರ ಬಗ್ಗೆ ಮುಂದೆ ಬರೆದಿದ್ದೇನೆ.

ನಮ್ಮ ಕಾಲೇಜಿಗೆ ಯಾವ ವಿದೇಶಿ ವಿಶ್ವವಿದ್ಯಾಲಯದೊಡನೆಯೂ ಒಡಂಬಡಿಕೆ ಇಲ್ಲ. ಅಲ್ಲಿಗೆ ದಾರಿ ಮುಚ್ಚಿತೇ?

ಇಲ್ಲ. ಕಾಲೇಜಿಗೆ ಇಲ್ಲದಿದ್ದರೂ ಅದು ಸೇರಿರುವ ವಿಶ್ವವಿದ್ಯಾಲಯಕ್ಕೆ ಇರಬಹುದು; ಆ ಒಡಂಬಡಿಕೆ ಸಂಯೋಜಿತ ಕಾಲೇಜುಗಳಿಗೂ ಅನ್ವಯವಾಗುತ್ತದೆಯೇ ಎಂದು ಪತ್ರ ಬರೆದು ಕೇಳಬೇಕು. ವಿಶ್ವವಿದ್ಯಾಲಯಗಳು ಅಂತರರಾಷ್ಟ್ರೀಯ ವ್ಯವಹಾರಗಳಿಗೆಂದೇ ಒಂದು ಕಚೇರಿಯನ್ನು ಹೊಂದಿರಬೇಕೆಂದು ಯುಜಿಸಿ 2021ರಲ್ಲಿ ಮಾರ್ಗಸೂಚಿ ಕೊಟ್ಟಿದೆ. ಬೆಳಗಾವಿಗೋ ಶಂಕರಘಟ್ಟಕ್ಕೋ ಬಸ್ಸು ಹತ್ತುವ ಮೊದಲು ಪ್ರಾಂಶುಪಾಲರ ಸಹಿಯುಳ್ಳ ಪತ್ರವನ್ನು ಇಮೇಲ್‌ನಲ್ಲಿ ಕಳುಹಿಸಿ, ಉತ್ತರ ಬಂದ ಮೇಲೆ ಹೋಗುವುದು ಒಳ್ಳೆಯದು. ಬರಿಯ ಬಾಯಿಮಾತಿನ ವಿಚಾರಣೆಗೆ ದೊರೆಯುವ ಉತ್ತರವೂ ಬಾಯಿಮಾತಿನದೇ ಆಗಿರುತ್ತದೆ.

ಅದೂ ಆಗದಿದ್ದರೆ ಬೇಸಿಗೆ ರಜೆಯನ್ನು ಬಳಸಿಕೊಳ್ಳಬಹುದು. ಕೆನಡಾದ ಮಿಟ್ಯಾಕ್ಸ್ ಸಂಸ್ಥೆಯ ಗ್ಲೋಬಲಿಂಕ್ ಸಂಶೋಧನಾ ಇಂಟರ್ನ್‌ಶಿಪ್ 12 ವಾರಗಳದು. ಜರ್ಮನಿಯ ಡಾಡ್ ಸಂಸ್ಥೆಯೂ ವಿಜ್ಞಾನ ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಇಂಥ ಅವಕಾಶ ಕೊಡುತ್ತಾ ಬಂದಿದೆ. ಇವುಗಳಿಗೆ ಕ್ರೆಡಿಟ್ ವರ್ಗಾವಣೆಯ ಗೋಜಿಲ್ಲ. ಆದರೂ ಎಂಜಿನಿಯರಿಂಗ್ ಪಠ್ಯಕ್ರಮದಲ್ಲಿ ಇಂಟರ್ನ್‌ಶಿಪ್‌ಗೆ ಕ್ರೆಡಿಟ್ ಇರುವುದರಿಂದ, ವಿದೇಶದಲ್ಲಿ ಮಾಡಿದ ಕೆಲಸವನ್ನು ಅದರ ಲೆಕ್ಕಕ್ಕೆ ಹಿಡಿಯಬಹುದೇ ಎಂದು ವಿಭಾಗದ ಮುಖ್ಯಸ್ಥರನ್ನು ಮೊದಲೇ ಕೇಳಿ ಬರಹದಲ್ಲಿ ಪಡೆದಿಟ್ಟುಕೊಳ್ಳಿ. ಅವಧಿ ಇಲ್ಲಿಯ ಸೆಮಿಸ್ಟರಿನೊಳಕ್ಕೆ ಚಾಚುವುದುಂಟು, ಅದಕ್ಕೂ ಅನುಮತಿ ಬೇಕು.

ಯಾವಾಗಿನಿಂದ ಸಿದ್ಧತೆ ಆರಂಭಿಸಬೇಕು?

ಹೊರಡುವ ದಿನಕ್ಕೆ ಒಂದರಿಂದ ಒಂದೂವರೆ ವರ್ಷ ಮೊದಲು. ಕೇಳುವವರಿಗೆ ಇದು ಅತಿಯೆನಿಸಬಹುದು, ಆದರೆ ಕಾಲೇಜಿನ ಒಳಗಿನ ಒಪ್ಪಿಗೆಗಳೇ ಸಮಯ ತಿನ್ನುತ್ತವೆ. ವಿಭಾಗದಿಂದ ಪ್ರಾಂಶುಪಾಲರಿಗೆ, ಅಲ್ಲಿಂದ ಅಧ್ಯಯನ ಮಂಡಳಿಗೆ, ಕೆಲವೊಮ್ಮೆ ವಿದ್ಯಾವಿಷಯಕ ಪರಿಷತ್ತಿನವರೆಗೂ ಕಡತ ಹೋಗಬೇಕಾಗುತ್ತದೆ. ಈ ಮಂಡಳಿಗಳು ಪ್ರತಿ ವಾರ ಸೇರುವುದಿಲ್ಲ. ಎಂಜಿನಿಯರಿಂಗ್‌ನವರಿಗೆ ಐದನೆಯ ಅಥವಾ ಆರನೆಯ ಸೆಮಿಸ್ಟರ್ ಹೋಗಲು ಅನುಕೂಲವಾದದ್ದರಿಂದ, ಎರಡನೆಯ ವರ್ಷದ ಆರಂಭದಲ್ಲಿಯೇ ಮಾತು ತೆಗೆಯಬೇಕು. ಮೂರು ವರ್ಷದ ಪದವಿಯವರಿಗೆ ಇನ್ನೂ ಕಡಿಮೆ ಅವಕಾಶವಿದೆ. ಮೊದಲ ವರ್ಷದಲ್ಲಿಯೇ ಕೇಳದಿದ್ದರೆ ಸಮಯ ಕೈತಪ್ಪುತ್ತದೆ.

ಅಲ್ಲಿಯ ಸೆಮಿಸ್ಟರ್ ಮತ್ತು ಇಲ್ಲಿಯ ಸೆಮಿಸ್ಟರ್ ಹೊಂದಿಕೆಯಾಗುತ್ತವೆಯೇ?

ಪೂರ್ತಿಯಾಗಿ ಹೊಂದುವುದು ಅಪರೂಪ. ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗೆ ನಡೆಯುತ್ತದೆ. ಪಾಠಗಳು ಫೆಬ್ರವರಿ ನಡುವಿಗೆ ಮುಗಿದು ಪರೀಕ್ಷೆಗಳು ಆಮೇಲೆ ಬರುತ್ತವೆ. ಅಷ್ಟರಲ್ಲಿ ಇಲ್ಲಿ ಸಮ ಸೆಮಿಸ್ಟರ್ ಆರಂಭವಾಗಿ ಮೊದಲ ಆಂತರಿಕ ಪರೀಕ್ಷೆಯೂ ಹತ್ತಿರ ಬಂದಿರುತ್ತದೆ. ಅಮೆರಿಕದಲ್ಲಿ ಆಗಸ್ಟ್ ಕೊನೆಗೆ ಆರಂಭವಾಗುವ ಸೆಮಿಸ್ಟರ್ ಡಿಸೆಂಬರ್ ನಡುವಿಗೆ ಮುಗಿಯುವುದರಿಂದ ನಮ್ಮ ಬೆಸ ಸೆಮಿಸ್ಟರಿಗೆ ಅದು ಹೆಚ್ಚು ಹೊಂದುತ್ತದೆ. ಜಪಾನಿನ ಶೈಕ್ಷಣಿಕ ವರ್ಷ ಏಪ್ರಿಲ್‌ನಲ್ಲಿ ಆರಂಭ. ಆಸ್ಟ್ರೇಲಿಯದ ಮೊದಲ ಸೆಮಿಸ್ಟರ್ ಫೆಬ್ರವರಿ ಕೊನೆಯ ಹೊತ್ತಿಗೆ ಶುರುವಾಗುತ್ತದೆ.

ಹಾಜರಾತಿಯ ಪ್ರಶ್ನೆ ಏಳುವುದು ಇಲ್ಲಿಯೇ. ವಿಟಿಯು ನಿಯಮದಂತೆ ಪ್ರತಿ ವಿಷಯದಲ್ಲೂ ಶೇ. 85ರಷ್ಟು ಹಾಜರಾತಿ ಬೇಕು. ತಕ್ಕ ಕಾರಣವಿದ್ದರೆ ಶೇ. 75ರವರೆಗೆ ರಿಯಾಯಿತಿ ಸಿಗಬಹುದು. ಮೂರು ವಾರ ತಡವಾಗಿ ಬಂದವರಿಗೆ ಆ ಶೇಕಡಾವಾರನ್ನು ತುಂಬುವುದು ಕಷ್ಟ. ಆದ್ದರಿಂದ ಎರಡೂ ಕ್ಯಾಲೆಂಡರ್‌ಗಳನ್ನು ಅಕ್ಕಪಕ್ಕ ಇಟ್ಟು, ಯಾವ ದಿನಾಂಕಗಳಲ್ಲಿ ನೀವು ಇಲ್ಲಿ ಇರುವುದಿಲ್ಲ, ತಪ್ಪಿದ ಆಂತರಿಕ ಪರೀಕ್ಷೆಯನ್ನು ಮತ್ತೆ ಬರೆಯಲು ಬಿಡುತ್ತಾರೆಯೇ ಎಂಬುದನ್ನು ಅನುಮತಿ ಪತ್ರದಲ್ಲಿಯೇ ಬರೆಸಿಕೊಳ್ಳಿ. ಮುಂದಿನ ಸೆಮಿಸ್ಟರಿನ ಹೊತ್ತಿಗೆ ವಿಭಾಗದ ಮುಖ್ಯಸ್ಥರು ಬದಲಾಗಿರಬಹುದು. ಹೊಸಬರು ನಂಬುವುದು ಕಡತವನ್ನು.

ಕ್ರೆಡಿಟ್‌ಗಳನ್ನು ಹೇಗೆ ಸರಿಹೊಂದಿಸುತ್ತಾರೆ?

ಇಡೀ ಯೋಜನೆಯ ಜೀವಾಳ ಇದು, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಯೂರೋಪಿನ ಇಸಿಟಿಎಸ್ ಪದ್ಧತಿಯಲ್ಲಿ ಪೂರ್ಣಾವಧಿ ಓದಿನ ಒಂದು ವರ್ಷಕ್ಕೆ 60 ಕ್ರೆಡಿಟ್, ಒಂದೊಂದು ಕ್ರೆಡಿಟ್‌ಗೂ 25ರಿಂದ 30 ಗಂಟೆಗಳ ಶ್ರಮ. ಭಾರತದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿ ವರ್ಷಕ್ಕೆ 40 ಕ್ರೆಡಿಟ್, ಒಂದೊಂದಕ್ಕೂ 30 ಗಂಟೆ. ಹೀಗಾಗಿ ಇಲ್ಲಿಯ 20 ಕ್ರೆಡಿಟ್‌ಗಳ ಒಂದು ಸೆಮಿಸ್ಟರನ್ನು ಅಲ್ಲಿಯ 30ಕ್ಕೆ ಸಮವೆಂದು ಹಿಡಿಯುವುದು ಮಾತುಕತೆಗೆ ಒಳ್ಳೆಯ ಆರಂಭ. ಇಂಗ್ಲೆಂಡಿನಲ್ಲಿ ವರ್ಷಕ್ಕೆ 120 ಕ್ರೆಡಿಟ್, ಅಮೆರಿಕದಲ್ಲಿ ಸಾಮಾನ್ಯವಾಗಿ 30. ಯಾವ ದೇಶವಾದರೂ ಸಂಖ್ಯೆಯನ್ನು ನೋಡದೆ ವರ್ಷದ ಯಾವ ಪಾಲು ಅದು ಎಂಬುದನ್ನು ನೋಡಬೇಕು.

ಇದನ್ನೆಲ್ಲ ಬರೆದಿಡುವ ಕಾಗದವೇ ಲರ್ನಿಂಗ್ ಅಗ್ರಿಮೆಂಟ್. ಎಡಗಡೆ ಇಲ್ಲಿ ನೀವು ಓದಬೇಕಾಗಿದ್ದ ವಿಷಯ, ಅದರ ಸಂಕೇತ ಸಂಖ್ಯೆ, ಕ್ರೆಡಿಟ್. ಬಲಗಡೆ ಅದರ ಬದಲಿಗೆ ಅಲ್ಲಿ ಓದುವ ವಿಷಯ, ಅದರ ಸಂಕೇತ, ಅಲ್ಲಿಯ ಕ್ರೆಡಿಟ್. ಮೆಕ್ಯಾನಿಕಲ್ ವಿದ್ಯಾರ್ಥಿಯೊಬ್ಬರ ಹಾಳೆಯಲ್ಲಿ ಎಡಗಡೆ ‘ಶಾಖ ವರ್ಗಾವಣೆ, 4 ಕ್ರೆಡಿಟ್’ ಎಂದೂ ಬಲಗಡೆ ‘ಶಾಖ ಮತ್ತು ದ್ರವ್ಯರಾಶಿ ವರ್ಗಾವಣೆ, 6 ಇಸಿಟಿಎಸ್’ ಎಂದೂ ಇದ್ದರೆ ಆ ಸಾಲು ಸುಲಭವಾಗಿ ಒಪ್ಪಿತವಾಗುತ್ತದೆ. ಕಷ್ಟ ಬರುವುದು ಪ್ರಯೋಗಾಲಯದ ವಿಷಯಗಳಲ್ಲಿ. ಇಲ್ಲಿ ಲ್ಯಾಬ್ ಪ್ರತ್ಯೇಕ ಕ್ರೆಡಿಟ್ ಆಗಿದ್ದು ಅಲ್ಲಿ ಅದು ಪಾಠದೊಳಗೇ ಸೇರಿಕೊಂಡಿದ್ದರೆ, ಒಂದೇ ವಿದೇಶಿ ವಿಷಯವನ್ನು ಇಲ್ಲಿಯ ಎರಡು ಸಾಲುಗಳಿಗೆ ಹೊಂದಿಸಬೇಕಾಗುತ್ತದೆ. ಅದಕ್ಕೆ ವಿಭಾಗದ ಹಿರಿಯ ಅಧ್ಯಾಪಕರೊಬ್ಬರು ಎರಡೂ ಪಠ್ಯಕ್ರಮಗಳನ್ನು ಘಟಕಗಳ ಪ್ರಕಾರ ಓದಿ ಟಿಪ್ಪಣಿ ಬರೆಯಬೇಕು. ಇದು ಅವರಿಗೆ ಹೆಚ್ಚುವರಿ ಕೆಲಸ. ವಿದೇಶಿ ಪಠ್ಯಕ್ರಮದ ಮುದ್ರಿತ ಪ್ರತಿಯನ್ನು ನೀವೇ ಕೊಂಡೊಯ್ದು, ಹೊಂದುವ ಭಾಗಗಳನ್ನು ಗುರುತಿಸಿಕೊಟ್ಟರೆ ಅವರೂ ಮನಸ್ಸಿಟ್ಟು ಮಾಡುತ್ತಾರೆ.

ಆ ಹಾಳೆಗೆ ಮೂರು ಸಹಿ ಬೇಕು: ನಿಮ್ಮದು, ಇಲ್ಲಿಯ ಅಧಿಕೃತ ವ್ಯಕ್ತಿಯದು, ಅಲ್ಲಿಯ ಸಂಯೋಜಕರದು. ಪ್ರತಿ ವಿಷಯಕ್ಕೂ ಒಂದು ಬದಲಿ ವಿಷಯವನ್ನು ಮೊದಲೇ ಬರೆದಿಟ್ಟುಕೊಳ್ಳಿ. ಅಲ್ಲಿಗೆ ಹೋದ ಮೇಲೆ ತರಗತಿ ತುಂಬಿದೆ ಎಂದೋ, ಪಾಠ ಜರ್ಮನ್ ಭಾಷೆಯಲ್ಲಿದೆ ಎಂದೋ ವಿಷಯ ಬದಲಿಸಬೇಕಾಗಿ ಬರುವುದು ತೀರ ಸಾಮಾನ್ಯ. ಹಾಗೆ ಬದಲಾದಾಗ ಆ ವಾರದಲ್ಲಿಯೇ ಇಲ್ಲಿಗೆ ಇಮೇಲ್ ಬರೆದು ಹೊಸ ಹಾಳೆಗೆ ಒಪ್ಪಿಗೆ ಪಡೆಯಿರಿ. ಅಲ್ಲಿಯ ಗ್ರೇಡ್ ಇಲ್ಲಿಯ ಸಿಜಿಪಿಎಗೆ, ಅಂದರೆ ಎಲ್ಲ ಸೆಮಿಸ್ಟರ್‌ಗಳ ಸರಾಸರಿ ಗ್ರೇಡ್ ಅಂಕಕ್ಕೆ, ಸೇರುತ್ತದೆಯೋ, ಬರಿಯ ತೇರ್ಗಡೆ ಎಂದು ದಾಖಲಾಗುತ್ತದೆಯೋ ಎಂಬುದೂ ಹೊರಡುವ ಮೊದಲೇ ತೀರ್ಮಾನವಾಗಬೇಕಾದ ಸಂಗತಿ.

ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಖಾತೆ ಇದ್ದರೆ ಕ್ರೆಡಿಟ್ ತಾನಾಗಿಯೇ ಬರುವುದಿಲ್ಲವೇ?

ಬರುವುದಿಲ್ಲ. ವಿದ್ಯಾರ್ಥಿಯ ಕ್ರೆಡಿಟ್‌ಗಳನ್ನು ಆನ್‌ಲೈನ್ ಖಾತೆಯಲ್ಲಿ ದಾಖಲಿಸಿಡುವ, 2021ರಲ್ಲಿ ಜಾರಿಗೆ ಬಂದ ಈ ವ್ಯವಸ್ಥೆಯಲ್ಲಿ ಅವುಗಳನ್ನು ಜಮೆ ಮಾಡುವುದು ನೋಂದಾಯಿತ ಸಂಸ್ಥೆಗಳು, ವಿದ್ಯಾರ್ಥಿಯಲ್ಲ. ಖಾತೆ ತೆರೆದು ಅಪಾರ್ ಸಂಖ್ಯೆಯನ್ನು, ಅಂದರೆ ವಿದ್ಯಾರ್ಥಿಯ ಗುರುತಿನ ಸಂಖ್ಯೆಯನ್ನು, ಕಾಲೇಜಿಗೆ ಕೊಟ್ಟಿರಿ; ಒಪ್ಪಿಗೆಯ ಕೆಲಸವನ್ನು ಮಾತ್ರ ಅದು ಮಾಡುವುದಿಲ್ಲ.

ನನ್ನ ಸಿಜಿಪಿಎಯನ್ನು ವಿದೇಶದವರು ಹೇಗೆ ಲೆಕ್ಕ ಹಾಕುತ್ತಾರೆ? ಕಾಲೇಜು ಇದರಲ್ಲಿ ಏನು ಮಾಡಬಲ್ಲದು?

ಜರ್ಮನಿಯಲ್ಲಿ ಬಳಕೆಯಲ್ಲಿರುವ ಸೂತ್ರವನ್ನೇ ತೆಗೆದುಕೊಳ್ಳೋಣ. ಗರಿಷ್ಠ ಅಂಕದಿಂದ ನಿಮ್ಮ ಅಂಕವನ್ನು ಕಳೆದು, ಅದನ್ನು ಗರಿಷ್ಠ ಮತ್ತು ಕನಿಷ್ಠ ತೇರ್ಗಡೆ ಅಂಕಗಳ ಅಂತರದಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದನ್ನು ಕೂಡಿಸುತ್ತಾರೆ. ಅಲ್ಲಿ 1.0 ಅತ್ಯುತ್ತಮ, 4.0 ಕನಿಷ್ಠ ತೇರ್ಗಡೆ. ನಿಮ್ಮ ಸಿಜಿಪಿಎ 10ಕ್ಕೆ 8.2 ಇದ್ದು ಕನಿಷ್ಠ ತೇರ್ಗಡೆ 4 ಎಂದಾದರೆ ಫಲಿತಾಂಶ 1.9. ಕನಿಷ್ಠ ತೇರ್ಗಡೆ 5 ಎಂದು ಹಿಡಿದರೆ ಅದೇ ವಿದ್ಯಾರ್ಥಿಗೆ 2.08 ಬರುತ್ತದೆ. ಪ್ರವೇಶದ ಗಡಿ 2.0 ಆಗಿರುವ ಕಡೆ ಒಂದೇ ಅಂಕಪಟ್ಟಿ ಒಳಗೂ ಸೇರಿಸಬಹುದು, ಹೊರಗೂ ನಿಲ್ಲಿಸಬಹುದು.

ಆದ್ದರಿಂದ ಗ್ರೇಡ್ ಪದ್ಧತಿ, ಗರಿಷ್ಠ ಅಂಕ, ಕನಿಷ್ಠ ತೇರ್ಗಡೆ ಅಂಕ ಇವುಗಳನ್ನು ಸ್ಪಷ್ಟವಾಗಿ ಹೇಳುವ ಒಂದು ಅಧಿಕೃತ ಪತ್ರವನ್ನು ಪರೀಕ್ಷಾ ವಿಭಾಗದಿಂದ ಪಡೆಯಿರಿ. ಅಂಕಪಟ್ಟಿಯ ಹಿಂಬದಿಯಲ್ಲಿ ಇದು ಮುದ್ರಿತವಾಗಿದ್ದರೆ ಸ್ಕ್ಯಾನ್ ಮಾಡುವಾಗ ಹಿಂಬದಿಯನ್ನೂ ಸೇರಿಸಿ. ಶೇಕಡಾವಾರು ಪರಿವರ್ತನೆಯನ್ನು ಅಂತರ್ಜಾಲದಲ್ಲಿ ಸಿಕ್ಕ ಸೂತ್ರದಿಂದ ನೀವೇ ಮಾಡಿ ಬರೆಯಬೇಡಿ. ನಿಮ್ಮ ಬ್ಯಾಚಿನ ಸ್ಕೀಮಿಗೆ ಅನ್ವಯಿಸುವ ಸೂತ್ರವನ್ನೇ ಕೇಳಿ ಪಡೆಯಿರಿ.

ಟ್ರಾನ್ಸ್‌ಕ್ರಿಪ್ಟ್ ಮತ್ತು ಅಂಕಪಟ್ಟಿ ಬೇರೆ ಬೇರೆಯೇ?

ಬೇರೆ. ಅಂಕಪಟ್ಟಿ ಒಂದೊಂದು ಸೆಮಿಸ್ಟರಿನದು. ಟ್ರಾನ್ಸ್‌ಕ್ರಿಪ್ಟ್ ಎಲ್ಲ ಸೆಮಿಸ್ಟರ್‌ಗಳನ್ನೂ ಒಟ್ಟಾಗಿ ತೋರಿಸುವ, ವಿಶ್ವವಿದ್ಯಾಲಯ ದೃಢೀಕರಿಸಿದ ದಾಖಲೆ. ಕೆಲವು ವಿದೇಶಿ ಸಂಸ್ಥೆಗಳು ಅದನ್ನು ಮುಚ್ಚಿದ ಲಕೋಟೆಯಲ್ಲಿ, ಅಂಟಿಸಿದ ಜಾಗದ ಮೇಲೆ ಸೀಲು ಮತ್ತು ಸಹಿ ಇರುವಂತೆ ಕೇಳುತ್ತವೆ. ಆ ಲಕೋಟೆಯನ್ನು ನೀವು ತೆರೆದು ನೋಡಿದರೆ ಅದು ಕೆಲಸಕ್ಕೆ ಬಾರದು, ಆದ್ದರಿಂದ ನಿಮಗಾಗಿ ಒಂದು ಹೆಚ್ಚುವರಿ ಪ್ರತಿಯನ್ನು ಕೇಳಿ ಪಡೆಯಿರಿ. ಪಠ್ಯಕ್ರಮದ ಪ್ರತಿಯನ್ನೂ ಕೇಳುವವರಿದ್ದಾರೆ. ಪ್ರತಿ ಪುಟಕ್ಕೂ ಕಾಲೇಜಿನ ಸೀಲು ಬೀಳಬೇಕಾದ ದೊಡ್ಡ ಕಟ್ಟು ಅದು. ಪರೀಕ್ಷಾ ಫಲಿತಾಂಶದ ವಾರದಲ್ಲಿ ಇದನ್ನು ಹಿಡಿದುಕೊಂಡು ಕಚೇರಿಗೆ ಹೋದರೆ ವಿಷಯ ನಿರ್ವಾಹಕರಿಗೂ ಕಷ್ಟ, ನಿಮಗೂ ಕಷ್ಟ.

ಅಪೋಸ್ಟಿಲ್ (ದಾಖಲೆ ಅಸಲಿಯೆಂದು ವಿದೇಶಗಳಿಗೆ ತಿಳಿಸುವ ಅಧಿಕೃತ ಮುದ್ರೆ) ಕೇಳುವ ದೇಶಗಳಿಗೆ ರಾಜ್ಯ ಮಟ್ಟದ ದೃಢೀಕರಣ ಮೊದಲು, ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್ ಆಮೇಲೆ. ಜರ್ಮನಿಯಲ್ಲಿ ಪೂರ್ಣ ಪದವಿಗೆ ಸೇರುವ ಭಾರತೀಯರಿಗೆ 2022ರ ನವೆಂಬರ್‌ನಿಂದ ಶೈಕ್ಷಣಿಕ ದಾಖಲೆಗಳನ್ನು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರ ಕಡ್ಡಾಯವಾಗಿದ್ದು, ಅದಕ್ಕೂ ಇದೇ ಅಂಕಪಟ್ಟಿಗಳು ಬೇಕು.

ಅಂಕಪಟ್ಟಿಯಲ್ಲಿ ಇನಿಷಿಯಲ್ ಇದೆ, ಪಾಸ್‌ಪೋರ್ಟ್‌ನಲ್ಲಿ ಪೂರ್ತಿ ಹೆಸರಿದೆ. ತೊಂದರೆಯಾಗುತ್ತದೆಯೇ?

ಆಗಬಹುದು, ಮತ್ತು ನಮ್ಮ ಕಡೆ ಇದು ಮನೆಮನೆಯ ಸಮಸ್ಯೆ. ವಿದ್ಯಾರ್ಥಿನಿಯ ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಎಚ್.ಎಸ್. ಪೂರ್ಣಿಮಾ’ ಎಂದಿದೆ ಎಂದಿಟ್ಟುಕೊಳ್ಳೋಣ. ‘ಎಚ್’ ಎಂದರೆ ಹಿರೀಸಾವೆ, ‘ಎಸ್’ ಎಂದರೆ ತಂದೆಯ ಹೆಸರು ಶಿವಣ್ಣ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್‌ಗಳನ್ನು ಬಿಡಿಸಿ ಬರೆಯಬೇಕಾದ್ದರಿಂದ ಅಲ್ಲಿ ಊರಿನ ಹೆಸರೇ ಉಪನಾಮವಾಗಿ ಕೂರಬಹುದು, ಇಲ್ಲವೇ ತಂದೆಯ ಹೆಸರು ಕೂರಬಹುದು. ಉಪನಾಮದ ಜಾಗವನ್ನು ಖಾಲಿ ಬಿಟ್ಟವರಿಗೆ ಅಮೆರಿಕದ ವೀಸಾದಲ್ಲಿ ಕೊಟ್ಟ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ) ಎಂದು ಬರುತ್ತದೆ. ಮುಂದೆ ಬ್ಯಾಂಕ್ ಖಾತೆಯವರೆಗೂ ಅದು ಹಿಂಬಾಲಿಸುತ್ತದೆ.

ಮೊದಲು ಪಾಸ್‌ಪೋರ್ಟ್ ಮಾಡಿಸಿ. ಹಾಸನದ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿಯೇ ಈ ಕೆಲಸವಾಗುತ್ತದೆ. 36 ಪುಟಗಳ ಸಾಮಾನ್ಯ ಪಾಸ್‌ಪೋರ್ಟ್‌ಗೆ ಶುಲ್ಕ 1,500 ರೂಪಾಯಿ. ಆಮೇಲೆ ಎರಡೂ ಹೆಸರುಗಳು ಒಬ್ಬರವೇ ಎಂದು ಕಾಲೇಜಿನಿಂದ ಒಂದು ದೃಢೀಕರಣ ಪತ್ರ ಪಡೆಯಿರಿ, ಜೊತೆಗೆ ನೋಟರಿ ಅಫಿಡವಿಟ್ ಇರಲಿ. ಪದವಿ ಪ್ರಮಾಣಪತ್ರ ಮುದ್ರಣವಾಗುವ ಮೊದಲೇ ಕೇಳಿಕೊಂಡರೆ ಹೆಸರಿನ ತಪ್ಪನ್ನು ತಿದ್ದುವುದು ಸುಲಭ. ಮುದ್ರಣವಾದ ಮೇಲೆ ತಿದ್ದಿಸುವುದು ದೀರ್ಘ ಕೆಲಸ.

ಬ್ಯಾಕ್‌ಲಾಗ್ ಇದ್ದರೆ?

ನಾಮನಿರ್ದೇಶನದ ಹೊತ್ತಿಗೆ ಬಾಕಿ ವಿಷಯವಿದ್ದರೆ ಕಾಲೇಜು ನಿಮ್ಮನ್ನು ಕಳುಹಿಸುವ ಸಾಧ್ಯತೆ ಕಡಿಮೆ. ಹಿಂದೆ ಇದ್ದು ಈಗ ತೇರ್ಗಡೆಯಾಗಿದ್ದರೆ ಮುಚ್ಚಿಡುವ ಅಗತ್ಯವಿಲ್ಲ. ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಅದು ಹೇಗೂ ಕಾಣಬಹುದು.

ಶಿಫಾರಸು ಪತ್ರವನ್ನು ಯಾರಿಂದ ಪಡೆಯಬೇಕು?

ನಿಮ್ಮನ್ನು ನಿಜವಾಗಿ ಬಲ್ಲ ಅಧ್ಯಾಪಕರಿಂದ. ಪ್ರಾಂಶುಪಾಲರ ಸಹಿಗೆ ತೂಕ ಹೆಚ್ಚೆಂದು ಅನೇಕರು ತಿಳಿದಿದ್ದಾರೆ. ಆದರೆ ನಿಮ್ಮ ಪ್ರಾಜೆಕ್ಟನ್ನು ವಾರವಾರ ನೋಡಿದ ಸಹಾಯಕ ಪ್ರಾಧ್ಯಾಪಕರು ಬರೆದ ಅರ್ಧ ಪುಟಕ್ಕೆ ಇರುವ ಬೆಲೆ, ನಿಮ್ಮ ಮುಖವೇ ನೆನಪಿಲ್ಲದವರ ಎರಡು ಪುಟಕ್ಕೆ ಇರುವುದಿಲ್ಲ. ಕೊನೆಯ ದಿನಾಂಕಕ್ಕೆ ಒಂದು ತಿಂಗಳಾದರೂ ಮೊದಲು ಅವರನ್ನು ಕಂಡು, ನಿಮ್ಮ ಪ್ರಾಜೆಕ್ಟ್ ವರದಿ, ಅಂಕಪಟ್ಟಿ, ಹೋಗಬೇಕೆಂದಿರುವ ಕಾರ್ಯಕ್ರಮದ ವಿವರಗಳನ್ನು ಕೊಡಿ. ಪತ್ರವನ್ನು ವಿದ್ಯಾರ್ಥಿಯೇ ಬರೆದು ತಂದು ಸಹಿ ಹಾಕಿಸಿಕೊಳ್ಳುವ ರೂಢಿ ಅಲ್ಲಲ್ಲಿ ಇದೆ. ಅದು ಸರಿಯಲ್ಲ, ಒಂದೇ ಕಾಲೇಜಿನಿಂದ ಒಂದೇ ಮಾತುಗಳ ಪತ್ರಗಳು ಹೋದಾಗ ಓದುವವರಿಗೆ ಅದು ತಿಳಿದೇ ತಿಳಿಯುತ್ತದೆ, ಪ್ರಾಮಾಣಿಕವಾಗಿ ಬರೆಸಿಕೊಂಡವರಿಗೂ ಪೆಟ್ಟು ಬೀಳುತ್ತದೆ. ಅಧ್ಯಾಪಕರು ಕಾಲೇಜಿನ ಅಧಿಕೃತ ಇಮೇಲ್ ವಿಳಾಸದಿಂದಲೇ ಕಳುಹಿಸುವುದು ಕ್ಷೇಮ.

ಹಣದ ವ್ಯವಸ್ಥೆಯಲ್ಲಿ ಕಾಲೇಜಿನ ಪಾತ್ರವೇನು?

ಮನೆಯವರು ಅಂದುಕೊಳ್ಳುವುದಕ್ಕಿಂತ ಹೆಚ್ಚು. ವಿನಿಮಯದಲ್ಲಿ ಬೋಧನಾ ಶುಲ್ಕ ಉಳಿದರೂ ಜೀವನ ವೆಚ್ಚವನ್ನು ಮೊದಲೇ ತೋರಿಸಬೇಕು. ಜರ್ಮನಿ 2024ರ ಸೆಪ್ಟೆಂಬರ್‌ನಿಂದ ತಿಂಗಳಿಗೆ 992 ಯೂರೊ, ಅಂದರೆ ವರ್ಷಕ್ಕೆ 11,904 ಯೂರೊ ಎಂದು ನಿಗದಿ ಮಾಡಿತು; ಆರು ತಿಂಗಳಿಗೆ 5,952 ಯೂರೊ. ವಿನಿಮಯಕ್ಕೆಂದು ಶಿಕ್ಷಣ ಸಾಲ ಕೇಳಿದಾಗ, ಈ ಸೆಮಿಸ್ಟರ್ ಪದವಿಯ ಭಾಗವೇ ಹೌದೆಂಬ ಕಾಲೇಜಿನ ಪತ್ರವನ್ನು ಬ್ಯಾಂಕ್ ಕೇಳುತ್ತದೆ.

ಸಾಲ 7.5 ಲಕ್ಷ ರೂಪಾಯಿಯೊಳಗಿದ್ದರೆ ಸಾಲ ಖಾತರಿ ನಿಧಿಯಡಿ ಆಸ್ತಿಯ ಆಧಾರವಿಲ್ಲದೆ ಸಿಗಬಹುದು. ಅದನ್ನು ಮೀರಿದರೆ ಬ್ಯಾಂಕು ಸಾಮಾನ್ಯವಾಗಿ ಆಸ್ತಿ ಕೇಳುತ್ತದೆ. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆಯ ಮನೆಗಳಲ್ಲಿ ‘ತೋಟದ ಪಹಣಿ ಇದೆಯಲ್ಲ’ ಎಂಬ ಧೈರ್ಯ ಇರುತ್ತದೆ. ಆದರೆ ಶಿಕ್ಷಣ ಸಾಲಕ್ಕೆ ಕೃಷಿ ಭೂಮಿಯನ್ನು ಆಧಾರವಾಗಿ ಪಡೆಯಲು ಬ್ಯಾಂಕುಗಳು ಸಾಮಾನ್ಯವಾಗಿ ಹಿಂಜರಿಯುತ್ತವೆ. ಪಟ್ಟಣದ ಮನೆ, ನಿವೇಶನ, ಠೇವಣಿಗಳನ್ನು ಕೇಳುತ್ತವೆ. ಹಳ್ಳಿಯ ಮನೆಯಾದರೆ ಇ-ಸ್ವತ್ತು ದಾಖಲೆ ಸರಿಯಿರಬೇಕು. ಶಾಖೆಯ ವ್ಯವಸ್ಥಾಪಕರನ್ನು ಅರ್ಜಿಗೆ ಮೊದಲೇ ಕಂಡು ಮಾತನಾಡಿ. ಅರೇಬಿಕಾ ಕೊಯ್ಲು ನವೆಂಬರ್‌ನಿಂದ, ರೊಬಸ್ಟಾ ಕೊಯ್ಲು ಜನವರಿಯಿಂದ. ಕಾಫಿ ಹಣ ಕೈಗೆ ಬರುವ ಕಾಲಕ್ಕೂ ವಿದೇಶದಲ್ಲಿ ಮುಂಗಡ ಕಟ್ಟಬೇಕಾದ ಮೇ, ಜೂನ್, ಜುಲೈ ತಿಂಗಳುಗಳಿಗೂ ನಡುವೆ ಅಂತರವಿದೆ. ಆ ಹಣವನ್ನು ಬೇರೆಡೆಗೆ ತೊಡಗಿಸುವ ಮೊದಲು ಮನೆಯಲ್ಲಿ ಈ ಮಾತು ಆಗಬೇಕು.

ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದ ವಿದ್ಯಾರ್ಥಿಗಳಿಗೆ ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ ‘ಪ್ರಬುದ್ಧ’ ಯೋಜನೆ ಇದೆ. ಪರಿಶಿಷ್ಟ ಜಾತಿಯವರಿಗಿರುವ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನಕ್ಕೆ ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿ ಮೀರಿರಬಾರದು. ಯೂರೋಪಿನ ಎರಾಸ್ಮಸ್ ಮುಂಡಸ್ ಜಂಟಿ ಸ್ನಾತಕೋತ್ತರ ಪದವಿಗೆ ಆಯ್ಕೆಯಾಗಿ ವಿದ್ಯಾರ್ಥಿವೇತನ ಸಿಕ್ಕವರಿಗೆ ಬೋಧನಾ ಶುಲ್ಕವಿಲ್ಲ, ತಿಂಗಳಿಗೆ 1,400 ಯೂರೊ ದೊರೆಯುತ್ತದೆ. ಇವೆಲ್ಲಕ್ಕೂ ಅಂತಿಮ ಅಂಕಪಟ್ಟಿ ಸಮಯಕ್ಕೆ ಸರಿಯಾಗಿ ಬೇಕು. ಫಲಿತಾಂಶ ತಡವಾಗುವ ಸೂಚನೆ ಕಂಡರೆ, ಯಾವ ತಿಂಗಳಲ್ಲಿ ಪ್ರಕಟವಾಗಲಿದೆ ಎಂಬ ಪತ್ರವನ್ನು ಕುಲಸಚಿವರ (ಮೌಲ್ಯಮಾಪನ) ಕಚೇರಿಯಿಂದ ಕೇಳಿ ಪಡೆದು ವಿದೇಶದ ಪ್ರವೇಶ ವಿಭಾಗಕ್ಕೆ ಕಳುಹಿಸಿ; ಅನೇಕರು ಅದನ್ನು ಒಪ್ಪಿ ಕಾಯುತ್ತಾರೆ.

ಇಲ್ಲಿ ರಾಜ್ಯ ವಿದ್ಯಾರ್ಥಿವೇತನ ಜಾಲತಾಣ ಎಸ್‌ಎಸ್‌ಪಿ ಮೂಲಕ ವಿದ್ಯಾರ್ಥಿವೇತನ ಪಡೆಯುತ್ತಿರುವವರು, ಹಿಂದುಳಿದ ವರ್ಗಗಳ ಬಿಸಿಎಂ ಹಾಸ್ಟೆಲ್‌ನಲ್ಲಿ ಇರುವವರು ಒಂದು ಸೆಮಿಸ್ಟರ್ ಹೊರಗಿರುವ ವಿಷಯವನ್ನು ಕಾಲೇಜಿಗೂ ವಾರ್ಡನ್‌ಗೂ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯಬೇಕು.

ನಾನು ಮೂರು ವರ್ಷದ ಬಿ.ಎಸ್‌ಸಿ. ವಿದ್ಯಾರ್ಥಿ. ವಿದೇಶದಲ್ಲಿ ಎಂ.ಎಸ್‌ಸಿ. ಸೇರಬಹುದೇ?

ಕರ್ನಾಟಕದಲ್ಲಿ 2021–22ರಲ್ಲಿ ನಾಲ್ಕು ವರ್ಷದ ಆನರ್ಸ್ ಪದವಿ ಬಂದು, 2024–25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಲಾಯಿತು. ಯೂರೋಪಿನ ಬಹಳಷ್ಟು ಕಡೆ 180 ಇಸಿಟಿಎಸ್‌ಗಳ ಮೂರು ವರ್ಷದ ಪದವಿಯೇ ರೂಢಿಯಾದ್ದರಿಂದ ಅಲ್ಲಿ ಬಾಗಿಲು ತೆರೆದಿರುತ್ತದೆ; ಅಮೆರಿಕದ ಹಲವು ವಿಶ್ವವಿದ್ಯಾಲಯಗಳು ನಾಲ್ಕು ವರ್ಷ ಕೇಳುತ್ತವೆ. ಒಟ್ಟು ಕ್ರೆಡಿಟ್ ಎಷ್ಟು, ಮುಖ್ಯ ವಿಷಯದಲ್ಲಿ ಎಷ್ಟು ಎಂಬ ಪಟ್ಟಿಯನ್ನು ವಿಭಾಗದಿಂದ ಬರೆಸಿಕೊಂಡರೆ ಅರ್ಜಿ ಗಟ್ಟಿಯಾಗುತ್ತದೆ.

ವೈದ್ಯಕೀಯ, ಪಶುವೈದ್ಯಕೀಯ, ನರ್ಸಿಂಗ್ ವಿದ್ಯಾರ್ಥಿಗಳಿಗೂ ಇದು ಅನ್ವಯಿಸುತ್ತದೆಯೇ?

ಪೂರ್ತಿಯಾಗಿ ಇಲ್ಲ. ಈ ಪದವಿಗಳಿಗೆ ಆಯಾ ಶಾಸನಬದ್ಧ ಪರಿಷತ್ತಿನ ನಿಯಮವೇ ಮುಖ್ಯ. ಕಾಲೇಜು ಒಪ್ಪಿದರೂ ಪರಿಷತ್ತು ಒಪ್ಪದ ಭಾಗ ಪದವಿಗೆ ಸೇರುವುದಿಲ್ಲ.

ಹಾಸನದ ಬಿ.ಎಂ. ರಸ್ತೆಯಲ್ಲೇ ಕನ್ಸಲ್ಟೆನ್ಸಿಗಳಿವೆ. ಎಲ್ಲವನ್ನೂ ಅವರೇ ಮಾಡಿಕೊಡುವುದಿಲ್ಲವೇ?

ಅರ್ಜಿ ತುಂಬುವುದು, ವೀಸಾ ದಾಖಲೆ ಜೋಡಿಸುವುದು ಇವುಗಳಲ್ಲಿ ಕನ್ಸಲ್ಟೆನ್ಸಿಯವರು ನೆರವಾಗಬಹುದು. ಅವರಲ್ಲಿ ಹಲವರಿಗೆ ವಿದ್ಯಾರ್ಥಿ ಸೇರಿದ ಮೇಲೆ ವಿದೇಶಿ ಸಂಸ್ಥೆಯಿಂದ ಕಮಿಷನ್ ಬರುತ್ತದೆ. ಕಮಿಷನ್ ಇಲ್ಲದ ವಿನಿಮಯ ಕಾರ್ಯಕ್ರಮದ ಬಗ್ಗೆ ಅವರು ತಾವಾಗಿ ಹೇಳುವುದನ್ನು ನಿರೀಕ್ಷಿಸಬಾರದು. ನಿಮ್ಮ ಪರವಾಗಿ ಅಧ್ಯಯನ ಮಂಡಳಿಯ ಮುಂದೆ ಕಡತ ಇಡಲು ಅವರಿಂದ ಆಗುವುದಿಲ್ಲ. ಮೂಲ ಅಂಕಪಟ್ಟಿಗಳನ್ನು ಯಾರ ಬಳಿಯೂ ಬಿಟ್ಟುಬರಬೇಡಿ. ‘ಟ್ರಾನ್ಸ್‌ಕ್ರಿಪ್ಟ್ ನಾವೇ ಮಾಡಿಸಿಕೊಡುತ್ತೇವೆ’ ಎಂದು ಹೇಳುವವರಿಂದ ದೂರವಿರಿ. ವಿದೇಶದ ಸಂಸ್ಥೆ ಇಲ್ಲಿಯ ವಿಶ್ವವಿದ್ಯಾಲಯಕ್ಕೆ ಬರೆದು ಪರಿಶೀಲಿಸಿದಾಗ ಸುಳ್ಳು ಬಯಲಾಗುತ್ತದೆ, ನಷ್ಟ ವಿದ್ಯಾರ್ಥಿಯದು.

ಹಿಂದಿರುಗಿದ ಮೇಲೆ ಮಾಡಬೇಕಾದದ್ದೇನು?

ಅಲ್ಲಿಂದ ಹೊರಡುವ ಮೊದಲೇ ಟ್ರಾನ್ಸ್‌ಕ್ರಿಪ್ಟನ್ನು ನೇರವಾಗಿ ಇಲ್ಲಿಯ ಕಾಲೇಜಿಗೆ ಕಳುಹಿಸುವಂತೆ ಅರ್ಜಿ ಕೊಟ್ಟು ಬನ್ನಿ. ಅದು ಬರಲು ಕೆಲವು ವಾರಗಳಾಗಬಹುದು. ಆ ನಡುವೆ ಇಲ್ಲಿಯ ಮುಂದಿನ ಸೆಮಿಸ್ಟರಿನ ನೋಂದಣಿ ಮುಗಿದುಹೋಗದಂತೆ, ಫಲಿತಾಂಶ ಬರಬೇಕಿದೆ ಎಂಬ ಷರತ್ತಿನೊಡನೆ ತಾತ್ಕಾಲಿಕ ನೋಂದಣಿಗೆ ಮನವಿ ಸಲ್ಲಿಸಿ. ಟ್ರಾನ್ಸ್‌ಕ್ರಿಪ್ಟ್ ಬಂದ ಕೂಡಲೇ ಸಹಿಯಾದ ಲರ್ನಿಂಗ್ ಅಗ್ರಿಮೆಂಟ್‌ನೊಡನೆ ಅದನ್ನು ಪರೀಕ್ಷಾ ವಿಭಾಗಕ್ಕೆ ಕೊಟ್ಟು, ಕ್ರೆಡಿಟ್‌ಗಳು ಅಂಕಪಟ್ಟಿಗೆ ಏರುವವರೆಗೂ ಬಿಡದೆ ವಿಚಾರಿಸಿ. ಅಂತಿಮ ವರ್ಷದ ಕ್ಯಾಂಪಸ್ ಆಯ್ಕೆಗೆ ಬರುವ ಕಂಪನಿಗಳು ಎಲ್ಲ ಸೆಮಿಸ್ಟರ್‌ಗಳ ಅಂಕಗಳನ್ನೂ ಕೇಳುತ್ತವೆ. ಒಂದು ಸೆಮಿಸ್ಟರಿನ ಜಾಗ ಖಾಲಿಯಿದ್ದರೆ ಅರ್ಜಿಯೇ ಮುಂದಕ್ಕೆ ಹೋಗದಿರಬಹುದು. ಆದ್ದರಿಂದ ಪ್ಲೇಸ್‌ಮೆಂಟ್ ಅಧಿಕಾರಿಗೂ ನೀವು ಹೊರಗಿದ್ದ ಅವಧಿಯ ಬಗ್ಗೆ ಕಾಲೇಜಿನ ಪತ್ರವೊಂದನ್ನು ಏಳನೆಯ ಸೆಮಿಸ್ಟರಿನ ಆರಂಭದಲ್ಲಿಯೇ ತಲುಪಿಸಿ.